ಬಿಡಲು ಕಾರಣ

ಜನವರಿ 9

ಸಣ್ಣವಳಿಗೆ,

ಹನ್ನೆರಡು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಯಾರೋ ತೀರಿಕೊಂಡರೆಂದು ಗಾಬರಿಯಾಗಬೇಡ. ತೀರಿಕೊಂಡವನು ನಮ್ಮ ಅಂಗಡಿ ಕಟ್ಟಡದ ಮುದುಕ ಮಾತ್ರ. ತಿಂಗಳಿಗೊಮ್ಮೆ ಬಂದು, ಗೋಡೆ ನೋಡಿ, ಕೆಮ್ಮಿ ಹೋಗುತ್ತಿದ್ದನಲ್ಲ, ಅವನೇ. ಅವನ ಕಾಲದಲ್ಲಿ ಆ ಕೆಮ್ಮೇ ಬಾಡಿಗೆ ಕರಾರು. ಈಗ ಅವನ ಮಗ ಬಂದಿದ್ದಾನೆ. ಕೆಮ್ಮುವುದಿಲ್ಲ, ಕಾಗದ ಕೇಳುತ್ತಾನೆ. ಏಪ್ರಿಲ್ ಮುಗಿಯುವುದರೊಳಗೆ ಅಂಗಡಿಯ ಪಾಲುದಾರರೆಲ್ಲ ಸಹಿ ಮಾಡಿದ ಹೊಸ ಕರಾರು ಅವನ ಕೈಯಲ್ಲಿರಬೇಕಂತೆ. ಇಲ್ಲದಿದ್ದರೆ ಜಾಗವನ್ನು ಮೊಬೈಲ್ ಮಾರುವವನಿಗೆ ಕೊಡುತ್ತಾನಂತೆ.

ಹಳೆಯ ತಗಡಿನ ಪೆಟ್ಟಿಗೆಯಿಂದ ನಮ್ಮ ಪಾಲುದಾರಿಕೆ ಪತ್ರ ತೆಗೆದುಕೊಂಡು ಮಹಡಿಯ ಮೇಲಿರುವ ವಕೀಲಮ್ಮನ ಹತ್ತಿರ ಹೋದೆ. ನನ್ನ ಮೊಮ್ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಕನ್ನಡಕ ಮಾತ್ರ ನನ್ನದಕ್ಕಿಂತ ದಪ್ಪ. ಓದಿ ಕೇಳಿದಳು:

"ಅಜ್ಜಿ, ಇದರಲ್ಲಿ ಇಬ್ರು ಪಾಲುದಾರರಿದಾರಲ್ಲ?"

"ಒಬ್ಬಳು ನನ್ನ ಓರಗಿತ್ತಿ. ಅವಳು ಹೋಗಿ ಹನ್ನೆರಡು ವರ್ಷ ಆಯ್ತು."

"ಹೋಗ್ತಾ ಇದೀನಿ ಅಂತ ಬರೆದುಕೊಟ್ಟಿದಾರಾ?"

"ಚಪ್ಪಲಿ ಮೆಟ್ಕೊಂಡು ಎದ್ದು ಹೋದ್ಲು. ಅದಕ್ಕೂ ಬರೆದುಕೊಡಬೇಕಾ?"

"ಕೊಡಬೇಕು ಅಜ್ಜಿ. ಬರೆದುಕೊಟ್ಟಿಲ್ಲ ಅಂದ್ರೆ ಕಾನೂನಿನ ಪ್ರಕಾರ ಅವರಿನ್ನೂ ಅಂಗಡಿಯಲ್ಲೇ ಇದಾರೆ."

ಕೆಳಗಿಳಿದು ಬಂದು ನಿನ್ನ ಸ್ಟೂಲು ನೋಡಿದೆ. ಅದರ ಮೇಲೆ ಸೊಸೆ ಖಾಲಿ ರಟ್ಟಿನ ಡಬ್ಬಗಳನ್ನು ಒಟ್ಟಿದ್ದಾಳೆ.

ವಕೀಲಮ್ಮ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಪಾಲುದಾರಿಕೆಗೆ ಕನಿಷ್ಠ ಇಬ್ಬರಿರಬೇಕು. ಒಬ್ಬಳೇ ಪಾಲುದಾರಳು ಎನ್ನುವುದು ಕಾನೂನಿನಲ್ಲಿ ಇಲ್ಲವೇ ಇಲ್ಲವಂತೆ. ನೀನು ಬಿಟ್ಟೆ ಎಂದು ಇವತ್ತು ಬರೆದುಕೊಟ್ಟರೆ ಇವತ್ತೇ ಅಂಗಡಿಯೂ ಹೋಯಿತು, ಹೆಸರೂ ಹೋಯಿತು. ಆದ್ದರಿಂದ ಎರಡು ಕಾಗದ ಬೇಕು. ಮೊದಲನೆಯದರಲ್ಲಿ ನಾವಿಬ್ಬರೂ ಸೇರಿ ನನ್ನ ಸೊಸೆಯನ್ನು ಮೂರನೆಯ ಪಾಲುದಾರಳಾಗಿ ಸೇರಿಸಿಕೊಳ್ಳಬೇಕು. ಅದಾದ ಮೇಲೆ ಎರಡನೆಯದರಲ್ಲಿ ನೀನು ಬಿಡಬೇಕು. ಆಗ ಅಂಗಡಿ ಉಳಿಯುತ್ತದೆ, ನನ್ನ ನಂತರ ಅವಳ ಕೈಗೆ ಹೋಗಲು ದಾರಿಯೂ ಆಗುತ್ತದೆ. ಈ ಊರಿನ ಅರ್ಧ ಕಾಗದಗಳ ಮೇಲೆ ನಾವು ಮಾಡಿದ ರಬ್ಬರ್ ಸೀಲೇ ಬಿದ್ದಿದೆ. ನಮ್ಮ ಅಂಗಡಿಗೆ ಮಾತ್ರ ಒಂದು ನೆಟ್ಟಗಿನ ಕಾಗದವಿಲ್ಲ, ನೋಡು.

ಎರಡು ಸಹಿ, ಅಷ್ಟೇ. ನನ್ನ ಮುಖ ನೋಡುವ ಕಷ್ಟವೂ ಬೇಡ, ಅಂಚೆಯಲ್ಲಿ ಕಳಿಸಿದರೆ ಸಾಕು. ನಿನ್ನ ವಿಳಾಸ ನನ್ನ ಮಗ ಕೊಟ್ಟ. ಮಗಳ ಮನೆಯಲ್ಲೇ ಇದ್ದೀಯಂತೆ. ಸರಿ.

ಅಂಗಡಿಯಿಂದ,
ದೊಡ್ಡವಳು


ಫೆಬ್ರವರಿ 2

ಸಣ್ಣವಳಿಗೆ,

ಇಪ್ಪತ್ತನಾಲ್ಕು ದಿನವಾಯಿತು. ಅಂಚೆಯವನನ್ನು ದಿನಾ ತಡೆದು ಕೇಳುತ್ತೇನೆ. "ಅಜ್ಜಿ, ನಿಮಗೆ ಕಾಗದ ಬಂದ್ರೆ ನಾನು ಬಚ್ಚಿಟ್ಟುಕೊಂಡು ಓದ್ತೀನಾ?" ಎಂದ. ಓದಿದರೂ ಓದುವ ಮುಖವೇ ಅವನದು.

ನೀನು ಬರೆಯಲಿಲ್ಲವೆಂದು ನಾನು ಬರೆಯುತ್ತಿಲ್ಲ. ಮಧ್ಯಾಹ್ನ ಒಂದರಿಂದ ಎರಡೂವರೆ ತನಕ ಅಂಗಡಿಯಲ್ಲಿ ನನಗೆ ಕೆಲಸವಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಆ ಹೊತ್ತಿಗೆ ಸೊಸೆ ಮನೆಗೆ ಹೋಗುತ್ತಾಳೆ. ಮಗ ಲಾರಿ ತೆಗೆದುಕೊಂಡು ಹೋದರೆ ವಾರಕ್ಕೊಮ್ಮೆ ಮುಖ ತೋರಿಸುವವನು, ಮಕ್ಕಳಿಗೆ ಅವಳೇ ಗತಿ. ಅವಳು ಹೋದ ಮೇಲೆ ಬೀದಿಯೂ ಊಟಕ್ಕೆ ಹೋಗುತ್ತದೆ. ಎದುರಿನ ಹಾರ್ಡ್‌ವೇರ್ ಅಂಗಡಿಯವನು ಅರ್ಧ ಶಟರ್ ಎಳೆದು ಮಲಗುತ್ತಾನೆ. ನಾನು ಮತ್ತು ಮಶೀನು. ಅದು ಕೆಲಸ ಮಾಡದಿದ್ದರೂ ಗುಂಯ್ ಎನ್ನುತ್ತಿರುತ್ತದೆ. ಅದರ ಜೊತೆ ಎಷ್ಟಂತ ಜಗಳವಾಡಲಿ?

ಹೌದು, ಮಶೀನು. ನೀನು ಹೋದ ನಾಲ್ಕನೆಯ ವರ್ಷ ತಂದೆವು. ಈಗ ಯಾರೂ ರಬ್ಬರಿನಲ್ಲಿ ಚಾಕು ಆಡಿಸುವುದಿಲ್ಲ. ಸೊಸೆ ಪರದೆಯ ಮೇಲೆ ನೆಟ್ಟಗೆ ಟೈಪು ಮಾಡುತ್ತಾಳೆ, ಅಕ್ಷರವನ್ನು ಅದೇ ತಿರುಗಿಸಿ ಅದೇ ಕೊರೆದು ಕೊಡುತ್ತದೆ. ಒಳ್ಳೆಯ ಕೆಲಸಗಾತಿ, ಇಲ್ಲವೆನ್ನುವುದಿಲ್ಲ. ಅವಳ ಎದುರಿಗೆ ಹೇಳುವುದಿಲ್ಲ, ಅಷ್ಟೇ. ಆದರೆ ಅವಳಿಗೆ ತಿರುಗುಮುರುಗು ಅಕ್ಷರ ಓದಲು ಬರುವುದಿಲ್ಲ. ಕಲಿಸುತ್ತೇನೆ ಎಂದರೆ "ಅದರಿಂದ ಏನು ಉಪಯೋಗ ಅತ್ತೆ?" ಎಂದಳು. ಏನು ಉಪಯೋಗ ಎಂದು ನಾನು ಹೇಳಲಿಲ್ಲ. ನಿನಗೆ ನೆನಪಿರಬಹುದು. ಎದುರಿಗೆ ಗಿರಾಕಿ ನಿಂತಿರುವಾಗಲೇ ಚೂರು ರಬ್ಬರಿನ ಮೇಲೆ ಪೆನ್ನಿನಲ್ಲಿ ಉಲ್ಟಾ ಬರೆದು ನಿನ್ನ ಕಡೆ ತಳ್ಳುತ್ತಿದ್ದೆ. "ಇವನ ಮೀಸೆ ಅಂಟಿಸಿದ್ದು." ನೀನು ನಗು ತಡೆಯಲಾರದೆ ಮೇಜಿನ ಕೆಳಗೆ ಏನೋ ಹುಡುಕಲು ಹೋಗುತ್ತಿದ್ದೆ. ಪಾಪ, ಅವನು "ಏನು ಬಿತ್ತಮ್ಮ?" ಎಂದು ತಾನೂ ಬಗ್ಗುತ್ತಿದ್ದ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಊರ ಶಾಲೆಯ ಮೇಷ್ಟರಿಗಿಂತ ಈ ಅಂಗಡಿಯ ರಬ್ಬರಿನಿಂದ ಕಲಿತ ಅಕ್ಷರವೇ ಹೆಚ್ಚು. ಈಗ ಉಲ್ಟಾ ಏನಾದರೂ ಬರೆದರೆ ಅದನ್ನು ಓದಲು ನಾನೊಬ್ಬಳೇ. ನಾನು ಬೈದದ್ದನ್ನು ನಾನೇ ಓದಿಕೊಂಡರೆ ಅದೆಂಥ ಸುಖ?

ಕಟ್ಟಡದ ಮಾಲೀಕ ಮೊನ್ನೆ ಬಂದು ಜಾಗದ ಅಳತೆ ತೆಗೆದುಕೊಂಡು ಹೋದ. ಮೊಬೈಲಿನವನೂ ಜೊತೆಗಿದ್ದ. ನಿನ್ನ ಸ್ಟೂಲು ಇರುವ ಕಡೆ ಕೈ ತೋರಿಸಿ "ಇಲ್ಲಿ ಗಾಜಿನ ಕಪಾಟು ಬರುತ್ತೆ" ಎಂದ. ನಾನಿನ್ನೂ ಅಲ್ಲೇ ಕೂತಿದ್ದೇನೆ, ಕಣ್ಣಿಗೆ ಬೀಳಲಿಲ್ಲವೋ ಏನೋ.

ಉತ್ತರ ಬರೆ. ಬೈದಾದರೂ ಬರೆ.

ಅಂಗಡಿಯಿಂದ,
ದೊಡ್ಡವಳು


ಫೆಬ್ರವರಿ 21

ಅಕ್ಕನವರಿಗೆ,

ತಮ್ಮ ಎರಡು ಪತ್ರಗಳೂ ತಲುಪಿವೆ. ಉತ್ತರ ತಡವಾದದ್ದಕ್ಕೆ ಬೇಸರಿಸಬಾರದು.

ತಮ್ಮ ಸೊಸೆಯನ್ನು ಪಾಲುದಾರಳಾಗಿ ಸೇರಿಸಿಕೊಳ್ಳಲು ನನ್ನ ತಕರಾರಿಲ್ಲ. ಬಿಡುಗಡೆ ಪತ್ರದ ವಿಷಯದಲ್ಲಿ ಒಂದು ಮಾತು ಕೇಳುವುದಿದೆ. ನಾನು ಅಂಗಡಿ ಬಿಡಲು ಕಾರಣವೇನೆಂದು ಅದರಲ್ಲಿ ಬರೆಯುತ್ತೀರಿ? ನಕಲು ಕಳುಹಿಸಿಕೊಡಿ. ಅದನ್ನು ತಿಳಿದ ಮೇಲೆ ಎರಡಕ್ಕೂ ಒಟ್ಟಿಗೆ ಸಹಿ ಮಾಡುತ್ತೇನೆ, ಅಥವಾ ಎರಡಕ್ಕೂ ಮಾಡುವುದಿಲ್ಲ.

ಇತಿ,
ಸಣ್ಣವಳು


ಮಾರ್ಚ್ 4

ಸಣ್ಣವಳಿಗೆ,

"ತಾವು" ಅಂತೆ, "ಅಕ್ಕನವರು" ಅಂತೆ! ಮದುವೆಯಾಗಿ ಬಂದ ಮೊದಲ ವರ್ಷ ನೀನು ನನ್ನನ್ನು ಬಹುವಚನದಲ್ಲಿ ಕರೆದದ್ದು. ಅಂಗಡಿ ಹಾಕಿದ ಮೊದಲ ದಿನವೇ ನಾನು ಮೈಮೇಲೆ ಅಂಟು ಚೆಲ್ಲಿದ್ದಕ್ಕೆ "ಅಕ್ಕಾ, ನಿನ್ನ ಕಣ್ಣೇನು ಹಿತ್ತಲಿಗೆ ಹೋಗಿದೆಯಾ?" ಎಂದು ಕೂಗಿದೆ. ಅಲ್ಲಿಂದ ಇಪ್ಪತ್ತೆರಡು ವರ್ಷ "ನೀನು" ಎಂದವಳು ಈಗ ಎಲ್ಲಿಂದ ತಂದೆ ಈ ತಾವು-ಗೀವು? ಕೈಬರಹ ಕೂಡ ನಿನ್ನದಲ್ಲ. ದುಂಡಗೆ, ಮುದ್ದಾಗಿದೆ. ನಿನ್ನ ಅಕ್ಷರ ನಡೆಯುವಾಗ ಎಡವುತ್ತಿತ್ತು.

ನಕಲು ಇದರ ಜೊತೆಗಿಟ್ಟಿದ್ದೇನೆ. ವಕೀಲಮ್ಮ "ಎರಡನೆಯ ಪಾಲುದಾರರು ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ನಿವೃತ್ತರಾಗಿರುತ್ತಾರೆ" ಎಂದು ಬರೆದಿದ್ದಾಳೆ. ಎಲ್ಲರಿಗೂ ಹಾಗೇ ಬರೆಯುವುದಂತೆ. ಬೇಡವೆಂದರೆ "ಆರೋಗ್ಯದ ಕಾರಣ" ಎಂದು ಹಾಕುತ್ತಾಳಂತೆ. ಕಾರಣ ಬರೆಯದಿದ್ದರೂ ನಡೆಯುತ್ತದಂತೆ. ನಿನಗೆ ಯಾವುದು ಬೇಕೋ ಆರಿಸಿಕೊ.

ನೀನು ಏನನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಿದ್ದೀಯ ಎಂದು ನನಗೆ ತಿಳಿಯದೆ ಇಲ್ಲ. ಆ ಕಚೇರಿಯ ಸೀಲು ತಾನೆ? "ಪರಿಶೀಲಿಸಲಾಗಿದೆ" ಎಂದಿರಬೇಕಾದದ್ದು, ಗಕಾರಕ್ಕೆ ಗುಡಿಸು ಬಿಟ್ಟುಹೋಗಿ "ಪರಿಶೀಲಿಸಲಾಗದೆ" ಎಂದಾಯಿತು. ಮೂರು ವಾರ ಆ ಮಹಾನುಭಾವರು ಬಂದ ಅರ್ಜಿಗೆಲ್ಲ "ಪರಿಶೀಲಿಸಲಾಗದೆ, ಪರಿಶೀಲಿಸಲಾಗದೆ" ಎಂದು ಗುದ್ದಿ ಕಳಿಸಿದರು. ಅಷ್ಟು ದಿನ ಒಬ್ಬರಾದರೂ ಓದಿ ನೋಡಲಿಲ್ಲ. ನಿಜ ಹೇಳಬೇಕೆಂದರೆ ಆ ಕಚೇರಿಗೆ ನಮ್ಮ ತಪ್ಪು ಸೀಲೇ ಸರಿಯಾಗಿತ್ತು. ಕೊನೆಗೆ ಯಾರೋ ಅರ್ಜಿದಾರ ಎಲ್ಲರೆದುರು ನಕ್ಕನಂತೆ. ಆಮೇಲೆ ತಾನೆ ಆ ಸಾಹೇಬ ನಮ್ಮ ಅಂಗಡಿಗೆ ಹಾರಿ ಬಂದದ್ದು.

ಮುಗಿದ ಕಥೆ. ಒಂದು ಗುಡಿಸು ಬಿಟ್ಟುಹೋಯಿತು. ಯಾರ ಕೈಯಿಂದ ಬಿಟ್ಟುಹೋಯಿತೆಂದು ಹನ್ನೆರಡು ವರ್ಷದ ಮೇಲೆ ಕೆದಕುತ್ತಾ ಕೂರುವುದೇ? ಒಬ್ಬಳು ಕೊರೆಯುವುದು, ಇನ್ನೊಬ್ಬಳು ಓದಿ ನೋಡುವುದು. ಹಾಗಿದ್ದ ಮೇಲೆ ಅಂಗಡಿಯ ತಪ್ಪು ಇಬ್ಬರದೂ ತಾನೆ.

ಸಹಿ ಮಾಡಿ ಕಳಿಸು. ಇನ್ನು ಎಂಟೇ ವಾರ.

ಅಂಗಡಿಯಿಂದ,
ದೊಡ್ಡವಳು


ಮಾರ್ಚ್ 19

ಅಕ್ಕನವರಿಗೆ,

ಕಾಗದಗಳನ್ನು ಸಹಿ ಮಾಡದೆ ಹಿಂದಕ್ಕೆ ಕಳುಹಿಸುತ್ತಿದ್ದೇನೆ.

ಕೈಬರಹ ನನ್ನದಲ್ಲ ಎಂದಿರಿ. ನನ್ನ ಮಗಳದು. ನನಗೆ ಕಣ್ಣು ಹೋಗಿ ಮೂರು ವರ್ಷವಾಯಿತು. ಬೆಳಕು ತಿಳಿಯುತ್ತದೆ, ಕಿಟಕಿ ಯಾವ ಕಡೆ ಎಂದು ತಿಳಿಯುತ್ತದೆ, ಅಷ್ಟೇ. ನಿಮ್ಮ ಕಾಗದವನ್ನು ಮಗಳೇ ಓದುತ್ತಾಳೆ, ನಾನು ಹೇಳಿದ್ದನ್ನು ಅವಳೇ ಬರೆಯುತ್ತಾಳೆ. "ತಾವು" ಎಂಬುದು ಅವಳ ಮರ್ಯಾದೆ, "ನೀವು" ಎಂಬುದು ನನ್ನ ಕೋಪ. ಇನ್ನು ಮುಂದಿನದು ನನ್ನ ಮಾತು, ಹೇಳಿದಂತೆಯೇ ಬರೆ ಎಂದು ಹೇಳಿದ್ದೇನೆ.

ಆ ಸೀಲು ಕೊರೆದದ್ದು ನೀವು. ಓದಿ ನೋಡುತ್ತೇನೆ ಎಂದು ನಾನು ಕೈ ಚಾಚಿದೆ. ಹೊತ್ತಾಯಿತು, ಜವಾನ ಬಾಗಿಲಲ್ಲಿ ನಿಂತಿದ್ದಾನೆ, ನಾನು ನೋಡಿದ್ದೇನೆ ಬಿಡು ಎಂದು ಹಿಡಿಗೆ ಅಂಟಿಸಿ ಕೊಟ್ಟುಬಿಟ್ಟಿರಿ. ಸಾಹೇಬ ಬಂದ ದಿನ ಚಾಕು ನನ್ನ ಕೈಯಲ್ಲಿತ್ತು, ಬೇರೆ ಕೆಲಸ ಮಾಡುತ್ತಿದ್ದೆ. ಅವನು ನನ್ನ ಕೈ ನೋಡಿದ, ನನ್ನನ್ನೇ ಬೈದ. ಅಂಗಡಿಯಲ್ಲಿ ಆರು ಜನ ಗಿರಾಕಿಗಳಿದ್ದರು. ನಾನು ನಿಮ್ಮ ಕಡೆ ಎರಡು ಸಲ ನೋಡಿದೆ. ನೀವು ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕುಳಿತಿದ್ದಿರಿ.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ಹೆದರಿದಿರಿ ಎಂದುಕೊಳ್ಳುತ್ತಿದ್ದೆ. ಆದರೆ ನಾನು ಹೋದ ಮೇಲೆ ಮನೆಯವರಿಗೆಲ್ಲ ಏನು ಹೇಳಿದಿರಿ? "ತಪ್ಪು ಮಾಡಿದ್ಲು, ಮುಖ ತೋರಿಸಕ್ಕಾಗದೆ ಹೋದ್ಲು" ಎಂದಿರಿ. ಆ ಮಾತು ಈ ಮಗಳ ಕಿವಿಗೂ ಬಿತ್ತು. ಆಗ ಅವಳಿಗೆ ಹದಿನೆಂಟು. ನಾನು ಅಲ್ಲವೆಂದೆ. ನಂಬಿದ್ದೇನೆ ಎಂದಳು. ನಂಬಿರಲಿಲ್ಲ. ಈಗಲೂ ಇದನ್ನು ಬರೆಯುತ್ತಾ ಪೆನ್ನು ನಿಲ್ಲಿಸಿದ್ದಾಳೆ.

ಬಿಡಲು ಕಾರಣ ವೈಯಕ್ತಿಕವಲ್ಲ, ಆರೋಗ್ಯವೂ ಅಲ್ಲ. ಅದೇನೆಂದು ಬರೆದು ಕಳುಹಿಸಿದರೆ ಸಹಿ ಮಾಡುತ್ತೇನೆ.

ಸಣ್ಣವಳು


ಏಪ್ರಿಲ್ 5

ಸಣ್ಣವಳಿಗೆ, ಮತ್ತು ಓದುತ್ತಿರುವ ಅವಳ ಮಗಳಿಗೆ,

ಮಗಳೇ, ಇದನ್ನು ಗಟ್ಟಿಯಾಗಿ ಓದು. ನಡುವೆ ಎಲ್ಲಿಯೂ ಹಾರಿಸಬೇಡ.

ಸೀಲು ಕೊರೆದವಳು ನಾನು. ಗುಡಿಸು ಬಿಟ್ಟವಳು ನಾನು. ಓದಿ ನೋಡಬೇಡ ಎಂದವಳೂ ನಾನೇ. ನಿನ್ನ ಅಮ್ಮನ ತಪ್ಪು ಎಳ್ಳಷ್ಟೂ ಇರಲಿಲ್ಲ. ಸಾಹೇಬ ಅವಳಿಗೆ "ಅಕ್ಷರ ಬಾರದವರೆಲ್ಲ ಅಂಗಡಿ ತೆರೆದು ಕೂತರೆ" ಎಂದಾಗ ನನ್ನ ನಾಲಿಗೆ ಸತ್ತುಹೋಗಿತ್ತು. ಊರಿಗೆಲ್ಲ ಉದ್ದವಿದ್ದ ನಾಲಿಗೆ ಅದೊಂದು ದಿನ ಅಲ್ಲಾಡಲಿಲ್ಲ. ಯಾಕೆಂದು ಈಗ ಹೇಳುತ್ತೇನೆ. ಅಕ್ಷರ ಬಾರದವಳು ಎಂಬ ಮಾತು ನನಗೆ ಸೇರಬೇಕಾದದ್ದು. ನಿನ್ನ ಅಮ್ಮ ಹತ್ತನೇ ಕ್ಲಾಸು ಮುಗಿಸಿದವಳು, ಅದು ಅವಳಿಗೆ ಅಂಟುವುದಿಲ್ಲ, ಎಲ್ಲಿಯಾದರೂ ಜಾರಿ ಬೀಳುತ್ತದೆ. ನನಗೆ ಅಂಟುತ್ತದೆ. ಅವಳ ಮೇಲೆ ಬಿದ್ದದ್ದನ್ನು ನಾನು ಎತ್ತಿ ನನ್ನ ಮೇಲೆ ಹಾಕಿಕೊಳ್ಳಲಿಲ್ಲ. ಆಮೇಲೆ ಜನ ಕೇಳಿದಾಗ ಒಂದು ಸುಳ್ಳು ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅದು ನಿಜವಾದಂತಾಯಿತು. ಕಳೆದ ಕಾಗದದಲ್ಲೂ "ತಪ್ಪು ಇಬ್ಬರದೂ" ಎಂದು ಬರೆದೆನಲ್ಲ, ಆ ನಾಚಿಕೆಗೇಡಿತನವೂ ನನ್ನದೇ.

ಸಣ್ಣವಳೇ, ಇಷ್ಟು ನಿನ್ನ ಮಗಳಿಗಾಯಿತು. ಈಗ ಬಿಡುಗಡೆ ಪತ್ರದ ವಿಷಯ ಕೇಳು. ಮೇಲೆ ಹೋಗಿ ವಕೀಲಮ್ಮನಿಗೆ, "ವೈಯಕ್ತಿಕ ಕಾರಣ ಹೊಡೆದುಹಾಕು, ನಾನು ಹೇಳಿದ್ದು ಬರೆ" ಎಂದೆ. ಕೇಳಿ ಕನ್ನಡಕ ತೆಗೆದಳು.

"ಅಜ್ಜಿ, ಇದನ್ನೆಲ್ಲ ಬಿಡುಗಡೆ ಪತ್ರದಲ್ಲಿ ಯಾರೂ ಬರೆಯಲ್ಲ. ಇದು ಮನೆ ಜಗಳ."

"ನೀನು ಬರೆ. ನಾನು ಮೊದಲನೆಯವಳಾಗ್ತೀನಿ."

"ನಾಳೆ ಯಾರಾದ್ರೂ ಓದಿದ್ರೆ ನಿಮ್ಮ ಮರ್ಯಾದೆ ಹೋಗುತ್ತೆ."

"ಅವಳದು ಹನ್ನೆರಡು ವರ್ಷದಿಂದ ಹೋಗಿದೆ. ನಂದು ಇವತ್ತು ಸಾಯಂಕಾಲ ಹೋದ್ರೆ ಏನಾಯ್ತು?"

ಅದನ್ನು ಹಾಕಿದರೆ ಕಾಗದ ಕೆಡುತ್ತದೆಯೇ ಎಂದು ಕೇಳಿದೆ. ಕೆಡುವುದಿಲ್ಲವಂತೆ, ವಿಚಿತ್ರವಾಗಿ ಕಾಣುತ್ತದೆ ಅಷ್ಟೇ ಅಂತೆ. ಹಾಗಾದರೆ ಕಾಣಲಿ ಎಂದೆ. ಅವಳು ತನ್ನ ಭಾಷೆಯಲ್ಲಿ ಹೀಗೆ ಬರೆದಳು: "ಮುದ್ರೆಯಲ್ಲಿ ಸಂಭವಿಸಿದ ಅಕ್ಷರದೋಷವು ಮೊದಲನೆಯ ಪಾಲುದಾರರದೇ ಆಗಿದ್ದು, ಅದನ್ನು ಅವರು ಮರೆಮಾಚಿ ಎರಡನೆಯ ಪಾಲುದಾರರ ಮೇಲೆ ಹೊರಿಸಿದ ಕಾರಣ, ಎರಡನೆಯ ಪಾಲುದಾರರು ಅಂಗಡಿಯನ್ನು ಬಿಟ್ಟಿರುತ್ತಾರೆ." ಮೊದಲನೆಯ ಪಾಲುದಾರರು ಎಂದರೆ ನಾನು. ಸೊಸೆಯೂ ಓದಿದಳು. ಎಂಟು ವರ್ಷ ನನ್ನ ಜೊತೆ ಕೆಲಸ ಮಾಡಿದವಳು. ಸ್ಟೂಲಿನ ಮೇಲಿದ್ದ ಡಬ್ಬಗಳನ್ನು ಎತ್ತಿ ಕೆಳಗಿಟ್ಟಳು.

ಎರಡೂ ಕಾಗದ ಇದರ ಜೊತೆಗಿವೆ. ಬಾಡಿಗೆ ಕರಾರೂ ಇದೆ, ನೀನಿನ್ನೂ ಪಾಲುದಾರಳಾದ್ದರಿಂದ ಅದಕ್ಕೂ ನಿನ್ನ ಸಹಿ ಬೇಕಂತೆ. ಅಂಚೆಯಲ್ಲಿ ಕಳಿಸಬಹುದು ಎಂದು ಮೊದಲೇ ಬರೆದಿದ್ದೇನೆ. ಆದರೆ ಇಲ್ಲಿಗೇ ಬಂದು ಸಹಿ ಮಾಡಿದರೆ ಒಳ್ಳೆಯದು. ಕಾನೂನಿಗೆ ಅಂತಲ್ಲ. ಬಸ್ಸು ಅಂಗಡಿಯ ಮುಂದೆಯೇ ನಿಲ್ಲುತ್ತದೆ ಈಗ. ಎರಡೇ ಮೆಟ್ಟಿಲು, ಕೈ ಹಿಡಿಯಲು ಕಂಬಿ ಹಾಕಿಸಿದ್ದೇವೆ. ಮಗಳೂ ಬರಲಿ.

ಅಂಗಡಿಯಿಂದ,
ದೊಡ್ಡವಳು


ಏಪ್ರಿಲ್ 22

ಅಕ್ಕಾ,

ನಿನ್ನ ಕಾಗದವನ್ನು ಮಗಳು ನಿನ್ನ ಮಾತಿನಂತೆ ಗಟ್ಟಿಯಾಗಿ ಓದಿದಳು. ಎಲ್ಲಿಯೂ ಹಾರಿಸಲಿಲ್ಲ. ಆಮೇಲೆ ಎದ್ದು ಬಂದು ನನ್ನ ತಲೆ ಬಾಚಿದಳು. ಬೆಳಿಗ್ಗೆ ಬಾಚಿಯಾಗಿತ್ತು, ಆದರೂ ಬಾಚಿದಳು. ಅಷ್ಟೇ ನನಗೆ ಬೇಕಾಗಿದ್ದದ್ದು.

ಎರಡು ಕಾಗದಕ್ಕೂ, ಬಾಡಿಗೆ ಕರಾರಿಗೂ ಸಹಿ ಮಾಡಿದ್ದೇನೆ. ಗೆರೆ ಎಲ್ಲಿದೆ ಎಂದು ಮಗಳು ಬೆರಳು ಹಿಡಿದು ತೋರಿಸಿದಳು. ಸಹಿ ಸ್ವಲ್ಪ ಬೆಟ್ಟ ಹತ್ತಿದೆ, ವಕೀಲಮ್ಮನಿಗೆ ಹೇಳು. ಸಾಕ್ಷಿಗೆ ಪಕ್ಕದ ಮನೆಯ ಇಬ್ಬರು ಹಾಕಿದ್ದಾರೆ. ಬಿಡುಗಡೆ ಪತ್ರದಲ್ಲಿ ತಾರೀಖಿನ ಜಾಗ ಖಾಲಿ ಬಿಟ್ಟಿದ್ದೇನೆ. ನಾನು ಯಾವತ್ತು ಬಿಟ್ಟೆ ಎಂದು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ನೀನೇ ಹಾಕಿಕೊ, ನನ್ನ ಒಪ್ಪಿಗೆ ಇದೆ.

ಬರುವುದಿಲ್ಲ ಅಕ್ಕ. ಕೋಪಕ್ಕಲ್ಲ. ಇಷ್ಟು ವರ್ಷ ಕೋಪದಲ್ಲಿ ದಿನಕ್ಕೆ ಹತ್ತು ಸಲ ಆ ಅಂಗಡಿಗೆ ಬಂದು ಹೋಗುತ್ತಿದ್ದೆ. ನಿನ್ನ ಎದುರು ನಿಂತು ಬಾಯಿಗೆ ಬಂದದ್ದು ಅನ್ನುತ್ತಿದ್ದೆ. ನಿನ್ನ ಕಾಗದ ಬಂದ ಮೇಲೆ ಹುಡುಕಿದರೂ ಕೋಪ ಸಿಗುತ್ತಿಲ್ಲ. ಅದು ಹೋದ ಮೇಲೆ ಅಲ್ಲಿಗೆ ಬರಲು ಕಾರಣವೇ ಇಲ್ಲದಂತಾಗಿದೆ. ಇಲ್ಲಿ ನನಗೆ ಕಿಟಕಿ ಎಲ್ಲಿ, ಬಾಗಿಲು ಎಲ್ಲಿ ಗೊತ್ತು. ಹೊಸ ಮೆಟ್ಟಿಲು ಕಲಿಯುವ ವಯಸ್ಸಲ್ಲ ನನ್ನದು.

ಸೊಸೆಯನ್ನು ಎಲ್ಲದಕ್ಕೂ ಬೈಯಬೇಡ.

ಸಣ್ಣವಳು


ಏಪ್ರಿಲ್ 30

ಸಣ್ಣವಳಿಗೆ,

ಬಾಡಿಗೆ ಕರಾರು ಆಯಿತು. ಮೊದಲನೆಯ ಕಾಗದಕ್ಕೆ ಇಪ್ಪತ್ತಾರನೆಯ ತಾರೀಖು ಬಿತ್ತು, ಅವತ್ತಿನಿಂದ ಸೊಸೆ ಪಾಲುದಾರಳು. ಕಟ್ಟಡದ ಮಾಲೀಕ ಕರಾರಿನ ಮೂರು ಸಹಿಯನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ನಿನ್ನದನ್ನು ನೋಡಿ "ಇವರ್ಯಾಕೆ ಮೇಲಕ್ಕೆ ಹೋಗಿದಾರೆ?" ಎಂದ. "ನಿಮ್ಮ ಬಾಡಿಗೆ ಮೇಲಕ್ಕೆ ಹೋಗಲ್ವಾ, ಹಾಗೆ" ಎಂದೆ. ಮೊಬೈಲಿನವನು ಬೇರೆ ಜಾಗ ನೋಡಿಕೊಂಡನಂತೆ. ಅಂಗಡಿ ಉಳಿಯಿತು. ನಾನಿಲ್ಲದಿದ್ದರೂ ಇನ್ನು ಅದಕ್ಕೆ ದಾರಿ ಗೊತ್ತಿದೆ.

ಎರಡನೆಯ ಕಾಗದ ನಾಲ್ಕು ದಿನ ಪೆಟ್ಟಿಗೆಯಲ್ಲೇ ಇತ್ತು. ಖಾಲಿ ಜಾಗ ಬಿಟ್ಟು ಸಹಿ ಮಾಡಿದ್ದಕ್ಕೆ ವಕೀಲಮ್ಮ ನನ್ನನ್ನು ಬೈದಳು. ತಪ್ಪು ನಿನ್ನದು, ಬೈಗುಳ ನನಗೆ. ಇದೊಂದು ಸಲ ಸುಮ್ಮನೆ ತೆಗೆದುಕೊಂಡೆ. ಸೊಸೆ ಸೇರಿದ ಮೇಲಿನ ಯಾವ ದಿನವನ್ನಾದರೂ ಹಾಕಬಹುದು, ಆದರೆ ಬೇಗ ಹಾಕಿ ಎಂದಳು. ತಾರೀಖು ಬೀಳುವ ತನಕ ಅಂಗಡಿಯ ಎಲ್ಲ ಹೊಣೆಯೂ ನಿನ್ನ ತಲೆಯ ಮೇಲಿರುತ್ತದಂತೆ.

ನಾನು ಕೆಳಗಿಳಿದು ಬಂದು ಹಾಕಲಿಲ್ಲ. ಮಾರನೆಯ ದಿನವೂ ಹಾಕಲಿಲ್ಲ. ಸೊಸೆಗೆ ಗೊತ್ತಾಯಿತು.

"ಅತ್ತೆ, ಹಾಗೇ ಬಿಟ್ಬಿಡಿ. ಪೆಟ್ಟಿಗೆಯಲ್ಲಿ ಇರ್ಲಿ. ಯಾರು ಕೇಳ್ತಾರೆ?"

"ಅವಳು ಕೇಳಲ್ಲ."

"ಮತ್ತೆ?"

"ಅವಳು ಕೇಳಲ್ಲ ಅಂತಾನೇ."

ಅವಳಿಗೆ ಅರ್ಥವಾಯಿತೋ ಇಲ್ಲವೋ, ಮಶೀನಿನ ಕಡೆ ತಿರುಗಿದಳು. ನಿನಗೆ ಬಿಡಿಸಿ ಹೇಳುತ್ತೇನೆ. ನಿಜವನ್ನು ಬರೆದರೆ ನೀನು ಬರುತ್ತೀಯ ಎಂದುಕೊಂಡಿದ್ದೆ. ಅದನ್ನು ಬರೆದದ್ದರಿಂದಲೇ ನೀನು ಹೋಗುವಂತಾಯಿತು. ಅದಕ್ಕೆ ಈ ನಾಲ್ಕು ದಿನ ಕದ್ದಿಟ್ಟುಕೊಂಡೆ. ಈ ನಾಲ್ಕು ದಿನ ಅಂಗಡಿಯಲ್ಲಿ ನಾವು ಮೂವರಿದ್ದೆವು. ಕಾನೂನಿನ ಪ್ರಕಾರ. ಸ್ಟೂಲು ಒರೆಸಿ ಇಟ್ಟಿದ್ದೆ. ಒಂದು ದಿನ ಮಧ್ಯಾಹ್ನ ಬಾಯ್ತುಂಬ ಮಾತಾಡಿದೆ ಕೂಡ. ಎದುರಿನ ಹಾರ್ಡ್‌ವೇರಿನವನು ಶಟರ್ ಕೆಳಗಿನಿಂದ ತಲೆ ಹೊರಹಾಕಿ "ಯಾರು ಬಂದಿದಾರಜ್ಜಿ?" ಎಂದು ಕೇಳಿದ. "ಪಾಲುದಾರರು" ಎಂದೆ.

ಆದರೆ ಆವತ್ತು ನಾನು ಬಾಯಿ ಮುಚ್ಚಿಕೊಂಡು ನಿನ್ನನ್ನು ಕಳೆದುಕೊಂಡೆ. ಈಗ ಬಾಯಿ ಮುಚ್ಚಿಕೊಂಡು ನಿನ್ನನ್ನು ಹಿಡಿದಿಟ್ಟರೆ ಅದೂ ಅದೇ ಕೆಲಸವೇ. ನಾಳೆ ಅಂಗಡಿಗೆ ಏನಾದರೂ ಆದರೆ, ಕಣ್ಣಿಲ್ಲದ ನಿನ್ನನ್ನು ಯಾರೋ ಬಂದು ನಿನ್ನ ಕಿಟಕಿಯ ಪಕ್ಕ ನಿಂತು ಕೇಳಬೇಕೇ? ಇವತ್ತು ಬೆಳಿಗ್ಗೆ ಅಂಗಡಿ ತೆರೆದ ತಕ್ಷಣ, ಸೊಸೆ ಬರುವ ಮೊದಲೇ, ಕಾಗದ ತೆಗೆದು ತಾರೀಖು ಹಾಕಿದೆ. ಮೂವತ್ತು. ಕೈಯಿಂದಲೇ ಬರೆದೆ. ಒಂದು ನಕಲು ಇದರೊಳಗಿದೆ, ಮಗಳ ಹತ್ತಿರ ಓದಿಸಿ ಜೋಪಾನವಾಗಿಡು. ಇನ್ನು ಈ ಅಂಗಡಿಯ ಯಾವ ಕೆಟ್ಟದ್ದೂ ನಿನ್ನನ್ನು ಮುಟ್ಟುವುದಿಲ್ಲ.

ಹನ್ನೊಂದರ ಹೊತ್ತಿಗೆ ಒಬ್ಬ ಹಳೆಯ ಗಿರಾಕಿ ಬಂದ. ಶಾಲೆಯ ಗುಮಾಸ್ತನಾಗಿದ್ದವನು, ಈಗ ನಿವೃತ್ತಿ. ತನ್ನ ಪುಸ್ತಕಗಳ ಮೇಲೆ ಒತ್ತಿಕೊಳ್ಳಲು ಹೆಸರಿನ ಸೀಲು ಬೇಕಂತೆ. ಎಷ್ಟೋ ವರ್ಷ ಬೇರೆ ಊರಿನಲ್ಲಿದ್ದನಂತೆ, ಏನೂ ಗೊತ್ತಿಲ್ಲ. ಒಳಗೆ ಬಂದವನೇ ಸುತ್ತ ನೋಡಿದ.

"ಇನ್ನೊಬ್ರು ಅಮ್ಮ ಇದ್ರಲ್ಲ, ಎಲ್ಲಿ?"

"ಬಿಟ್ರು."

"ಹೌದಾ? ಯಾವಾಗ?"

"ಇವತ್ತು ಬೆಳಿಗ್ಗೆ."

ಅವನ ಮುಖ ಸಣ್ಣಗಾಯಿತು. ಸೀಲಿನ ವಿಷಯ ಮರೆತು, ನನ್ನ ಎದುರಿಗೆ ಸ್ಟೂಲು ಎಳೆದುಕೊಂಡು ಕುಳಿತ. ಇಷ್ಟು ವರ್ಷಗಳಲ್ಲಿ ನೀನು ಹೋದದ್ದಕ್ಕೆ ನನ್ನ ಎದುರು ಹಾಗೆ ಯಾರೂ ಕುಳಿತಿರಲಿಲ್ಲ.

"ಎಷ್ಟು ವರ್ಷ ಒಟ್ಟಿಗಿದ್ರಿ ನೀವು?" ಎಂದು ಕೇಳಿದ.

ಮೂವತ್ತನಾಲ್ಕು ಎಂದೆ.

ಅಂಗಡಿಯಿಂದ,
ದೊಡ್ಡವಳು